ಆಫೀಸಿನಲ್ಲಿ 9 ಜನ, ಲೈಸೆನ್ಸ್ 14: ಬಾಡಿಗೆ ಸಾಫ್ಟ್‌ವೇರ್ ಖರ್ಚು ಹಿಡಿತಕ್ಕೆ ತರೋದು ಹೇಗೆ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದು ಸ್ವೀಟ್ ಬಾಕ್ಸ್, ರಟ್ಟಿನ ಡಬ್ಬಿ ಮಾಡುವ ಚಿಕ್ಕ ಯೂನಿಟ್. ಮೇಲ್, ಎಕ್ಸೆಲ್‌ಗೆ ಮೈಕ್ರೋಸಾಫ್ಟ್ 365, ಲೆಕ್ಕಕ್ಕೆ ಟ್ಯಾಲಿ. ಆಫೀಸಿನಲ್ಲಿ ಕೂರುವವರು 9 ಜನ, ಮೈಕ್ರೋಸಾಫ್ಟ್ ಲೈಸೆನ್ಸ್ 14. ಪ್ರತಿ ಸಲ ರಿನ್ಯೂವಲ್ ಬಿಲ್ ಬೇರೆಯೇ ಬರುತ್ತದೆ. ವೆಂಡರ್ ಕೇಳಿದರೆ ‘ಕಂಪನಿಯವರೇ ರೇಟ್ ಬದಲಿಸಿದ್ದಾರೆ’ ಅನ್ನುತ್ತಾರೆ. ವರ್ಷದ ಪ್ಲಾನ್ ಬಿಟ್ಟು ತಿಂಗಳದ್ದಕ್ಕೆ ಹೋಗಬಹುದಾ?

ಉತ್ತರ: ರೇಟ್ ಮಾತು ಆಮೇಲೆ. ನಿಮ್ಮ ಪತ್ರದಲ್ಲೇ ಉತ್ತರ ಇದೆ, 9 ಜನಕ್ಕೆ 14 ಲೈಸೆನ್ಸ್ ಯಾಕೆ ಬೇಕು? ಅಡ್ಮಿನ್ ಪೇಜ್ ತೆರೆದು ಹೆಸರು ಒಂದೊಂದೇ ಬರೆದುಕೊಳ್ಳಿ. ಕೆಲಸ ಬಿಟ್ಟು ಹೋದವರ ಐಡಿ ಎರಡು ಮೂರು ಸಿಗುತ್ತದೆ, ಜೊತೆಗೆ ಸೇಲ್ಸ್, ಇನ್ಫೋ, ಅಕೌಂಟ್ಸ್ ಅಂತ ಮಾಡಿಟ್ಟ ವಿಳಾಸಗಳು. ಇವಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅವನ್ನು ಶೇರ್ಡ್ ಮೇಲ್‌ಬಾಕ್ಸ್ ಮಾಡಿದರೆ 50 ಜಿಬಿ ತನಕ ಲೈಸೆನ್ಸ್ ಬೇಡ, ಇರುವವರೇ ತಮ್ಮ ಐಡಿಯಿಂದ ಆ ಮೇಲ್ ನೋಡಬಹುದು. ಒಂದೇ ಎಚ್ಚರಿಕೆ. ಮೊದಲು ಶೇರ್ಡ್ ಮಾಡಿ, ಆಮೇಲೆ ಲೈಸೆನ್ಸ್ ತೆಗೆಯಿರಿ. ಸುಮ್ನೆ ಲೈಸೆನ್ಸ್ ಕಿತ್ತು ಬಿಟ್ಟುಬಿಟ್ಟರೆ 30 ದಿನ ಕಳೆದ ಮೇಲೆ ಆ ಮೇಲ್‌ಗಳು ಅಳಿಸಿಹೋಗುತ್ತವೆ, ಹಳೇ ಪಾರ್ಟಿಯ ಆರ್ಡರ್ ಹುಡುಕುವಾಗ ಗೊತ್ತಾದರೆ ಏನು ಪ್ರಯೋಜನ?

ಉಳಿದ 9 ಜನರಲ್ಲೂ ಎಲ್ಲರಿಗೂ ಒಂದೇ ಪ್ಲಾನ್ ಬೇಡ. ಗೋಡೌನ್‌ನಲ್ಲಿ ಕೂತು ಡಿಸ್ಪ್ಯಾಚ್ ಮೇಲ್ ನೋಡುವವರಿಗೆ ಮೈಕ್ರೋಸಾಫ್ಟ್‌ನ ಕಡಿಮೆ ದರದ ಬಿಸಿನೆಸ್ ಬೇಸಿಕ್ ಪ್ಲಾನ್ ಸಾಕು, ಬ್ರೌಸರ್‌ನಲ್ಲೇ ಎಕ್ಸೆಲ್ ತೆರೆಯುತ್ತದೆ. ದಿನವಿಡೀ ದೊಡ್ಡ ಶೀಟ್ ಹಿಡಿದು ಕೂರುವ ಇಬ್ಬರು ಮೂವರಿಗೆ ಮಾತ್ರ ಕಂಪ್ಯೂಟರ್‌ನಲ್ಲೇ ಎಕ್ಸೆಲ್ ಹಾಕಿಕೊಳ್ಳುವ ಬಿಸಿನೆಸ್ ಸ್ಟ್ಯಾಂಡರ್ಡ್ ಕೊಡಿ.

ಈಗ ವರ್ಷವೋ ತಿಂಗಳೋ. 2022ರಿಂದ ಮೈಕ್ರೋಸಾಫ್ಟ್‌ನಲ್ಲಿ ತಿಂಗಳ ಪ್ಲಾನ್ ದರ ವರ್ಷದ ಪ್ಲಾನ್‌ಗಿಂತ ಶೇ 20 ಜಾಸ್ತಿ. ವರ್ಷದ ಪ್ಲಾನ್‌ನಲ್ಲಿ ತಿಂಗಳಿಗೆ 100 ರೂಪಾಯಿ ಅಂದರೆ ವರ್ಷಕ್ಕೆ 1200, ಬಿಡಿ ತಿಂಗಳಿನ ಪ್ಲಾನ್‌ನಲ್ಲಿ 120ರಂತೆ ಹತ್ತೇ ತಿಂಗಳಿಗೆ 1200 ಮುಗಿಯುತ್ತದೆ. ಹಾಗಾಗಿ ಕಾಯಂ ಇರುವವರಿಗೆ ವರ್ಷದ್ದೇ ಇರಲಿ. ದೀಪಾವಳಿ ಸೀಸನ್‌ಗೆ ಅಂತ ಬಿಲ್ಲಿಂಗ್‌ಗೆ ಮೂರು ತಿಂಗಳು ಒಬ್ಬರನ್ನು ತಗೊಳ್ಳುತ್ತೀರಲ್ವಾ, ಅವರಿಗೆ ಮಾತ್ರ ತಿಂಗಳ ಪ್ಲಾನ್. ಇನ್ನೊಂದು, ವರ್ಷಕ್ಕೆ ಒಪ್ಪಿಕೊಂಡು ದುಡ್ಡು ಮಾತ್ರ ತಿಂಗಳು ತಿಂಗಳು ಕಟ್ಟುತ್ತೇನೆ ಅಂದರೆ ಅದಕ್ಕೂ 2025ರ ಏಪ್ರಿಲ್‌ನಿಂದ ಶೇ 5 ಸೇರಿದೆ. ನಿಮ್ಮ ಬಿಲ್ ಏರಿದ್ದಕ್ಕೆ ಇದೂ ಕಾರಣ ಇರಬಹುದು, ವೆಂಡರ್ ಹತ್ತಿರ ಬಾಯಿ ಮಾತು ಬೇಡ, ಹಳೇ ಬಿಲ್ ಹೊಸ ಬಿಲ್ ಎರಡನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಕೇಳಿ.

ಕೇಳುವುದನ್ನು ರಿನ್ಯೂವಲ್‌ಗೆ ಒಂದು ತಿಂಗಳು ಮೊದಲೇ ಕೇಳಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ವರ್ಷದ ಪ್ಲಾನ್ ಶುರುವಾದ ಅಥವಾ ರಿನ್ಯೂ ಆದ 7 ದಿನದೊಳಗೆ ಮಾತ್ರ ಲೈಸೆನ್ಸ್ ಕಡಿಮೆ ಮಾಡಲು ಆಗುವುದು. ಎಂಟನೇ ದಿನದಿಂದ ಸೇರಿಸಬಹುದು, ಇಳಿಸುವಂತಿಲ್ಲ, ಮುಂದಿನ ವರ್ಷದ ತನಕ ಖಾಲಿ ಕುರ್ಚಿಗೂ ಬಾಡಿಗೆ ಕಟ್ಟುತ್ತಲೇ ಇರಬೇಕು.

ಟ್ಯಾಲಿ ಬೇರೆ ತರಹ. ಕಾಯಂ ಲೈಸೆನ್ಸ್ ಕೊಂಡಿದ್ದರೆ ಟಿಎಸ್‌ಎಸ್ (ಅಪ್‌ಡೇಟ್‌ಗಾಗಿ ಟ್ಯಾಲಿಗೆ ಕಟ್ಟುವ ಚಂದಾ) ಮುಗಿದರೂ ನಿಮ್ಮ ಲೆಕ್ಕ ತೆರೆಯುತ್ತದೆ. ಹೊಸ ವರ್ಷನ್ ಸಿಗುವುದಿಲ್ಲ. ಆದರೆ ಜಿಎಸ್‌ಟಿ ನಿಯಮ ಬದಲಾಗುತ್ತಲೇ ಇರುವಾಗ ಅದನ್ನು ಬಿಡಿ ಅಂತ ನಾನು ಹೇಳಲಾರೆ.

ಬಿಲ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇದೆಯಾ ನೋಡಿ. 20,000 ರೂಪಾಯಿಯ ಸಾಫ್ಟ್‌ವೇರ್‌ಗೆ ಶೇ 18ರಂತೆ 3,600 ತೆರಿಗೆ. ನಂಬರ್ ಇದ್ದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ವಾಪಸ್ ಬರುತ್ತದೆ, ನಂಬರ್ ಇಲ್ಲದೆ ಸ್ವಂತ ಹೆಸರಲ್ಲಿ ಬಿಲ್ ಮಾಡಿಸಿದ್ದರೆ ಹೋಯಿತು. ಕಾಂಪೊಸಿಷನ್ ಸ್ಕೀಮ್‌ನಲ್ಲಿ (ಚಿಕ್ಕ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ಜಿಎಸ್‌ಟಿ ಕಟ್ಟುವ ವ್ಯವಸ್ಥೆ) ಇರುವವರಿಗೆ ಈ ಕ್ರೆಡಿಟ್ ಇಲ್ಲ.

ಆಟೋ ಡೆಬಿಟ್ ಇಟ್ಟಿದ್ದರೆ ದುಡ್ಡು ಹೋಗುವ 24 ಗಂಟೆ ಮೊದಲು ಬ್ಯಾಂಕಿನಿಂದ ಮೆಸೇಜ್ ಬರಬೇಕು, 15,000 ರೂಪಾಯಿ ದಾಟಿದರೆ ಒಟಿಪಿಯೂ ಬೇಕು. ನನಗೆ ಗೊತ್ತಿರುವ ಒಂದು ಅಂಗಡಿಯಲ್ಲಿ ಆ ಮೊಬೈಲ್ ನಂಬರ್ ಕೆಲಸ ಬಿಟ್ಟ ಅಕೌಂಟೆಂಟ್‌ದಾಗಿತ್ತು. ಮೆಸೇಜ್ ಅವರಿಗೆ ಹೋಯಿತು, ಪೇಮೆಂಟ್ ಆಗಲಿಲ್ಲ, ಜಿಎಸ್‌ಟಿ ರಿಟರ್ನ್ ಹಾಕುವ ವಾರದಲ್ಲೇ ಶೀಟ್‌ಗಳನ್ನು ತೆರೆದು ನೋಡಬಹುದಿತ್ತು, ಒಂದಕ್ಷರ ತಿದ್ದಲು ಆಗುತ್ತಿರಲಿಲ್ಲ. ನಂಬರ್ ಮಾಲೀಕರದ್ದೇ ಇರಲಿ.

ಪ್ರಶ್ನೆ: ದಾವಣಗೆರೆಯಲ್ಲಿ ಡಿಟಿಪಿ ಅಂಗಡಿ. ಅಡೋಬಿ ಡಿಸೈನ್ ಸಾಫ್ಟ್‌ವೇರ್‌ಗೆ ಬಾಡಿಗೆ ಕಟ್ಟಿ ಸಾಕಾಗಿದೆ. ಇವತ್ತೇ ನಿಲ್ಲಿಸಿಬಿಡಲಾ?

ಉತ್ತರ: ಇವತ್ತು ಬೇಡ. ನಿಮ್ಮದು ವರ್ಷಕ್ಕೆ ಒಪ್ಪಿ ತಿಂಗಳು ತಿಂಗಳು ಕಟ್ಟುವ ಪ್ಲಾನ್ ಆಗಿದ್ದರೆ, ಮೊದಲ 14 ದಿನ ಕಳೆದ ಮೇಲೆ ಮಧ್ಯೆ ಬಿಟ್ಟರೆ ಉಳಿದ ತಿಂಗಳುಗಳ ಅರ್ಧ ದುಡ್ಡು ದಂಡ. ಮುಗಿಯುವ ದಿನ ನೋಡಿಕೊಳ್ಳಿ. ಅಲ್ಲಿಯ ತನಕ ಚಿತ್ರ ಬಿಡಿಸಲು ಇಂಕ್‌ಸ್ಕೇಪ್, ಪುಟ ಜೋಡಿಸಲು ಸ್ಕ್ರೈಬಸ್ ಹಾಕಿಕೊಂಡು ಕೈ ಪಳಗಿಸಿಕೊಳ್ಳಿ, ಎರಡೂ ಉಚಿತ. ಒಂದು ಮದುವೆ ಕಾರ್ಡ್ ಯೂನಿಕೋಡ್ ಫಾಂಟ್‌ನಲ್ಲಿ ಪೂರ್ತಿ ಮಾಡಿ, ‘ಜ್ಯೇಷ್ಠ’, ‘ಲಗ್ನಪತ್ರಿಕೆ’ಯಂಥ ಪದಗಳಲ್ಲಿ ಒತ್ತಕ್ಷರ ಸರಿಯಾಗಿ ಕೂತಿದೆಯಾ ಅಂತ ಪ್ರಿಂಟ್ ತೆಗೆದು ನೋಡಿ. ಹಳೇ ನುಡಿ ಫಾಂಟ್‌ನಲ್ಲಿ ಮಾಡಿಟ್ಟ ಫೈಲ್‌ಗಳನ್ನೆಲ್ಲ ಸಾಫ್ಟ್‌ವೇರ್ ಇನ್ನೂ ನಡೆಯುತ್ತಿರುವಾಗಲೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಗಿರಾಕಿ ಬಂದು ‘ಹೋದ ವರ್ಷದ್ದೇ ಡಿಸೈನ್ ಇರಲಿ’ ಅಂದಾಗ ಕನಿಷ್ಠ ತೆರೆದು ತೋರಿಸಬಹುದು.