ತಂದೆಯವರ ನಿದ್ರಾ ಪರೀಕ್ಷೆಯ ವರದಿಯಲ್ಲಿರುವ ‘ಅಬ್‌ಸ್ಟ್ರಕ್ಟಿವ್ ಸ್ಲೀಪ್ ಅಪ್ನಿಯಾ, ಎಎಚ್‌ಐ 22’ ಎಂದರೇನು?

ಇದು ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ತೊಂದರೆ. ಇದನ್ನು ಶ್ವಾಸಕೋಶದ ಕಾಯಿಲೆಯೆಂದು ಭಾವಿಸುವುದು ಸಹಜ. ಆದರೆ ‘ಅಬ್‌ಸ್ಟ್ರಕ್ಟಿವ್’ (ಅಡಚಣೆಯಿಂದಾದ) ಎಂದು ಬರೆದಿರುವುದರಿಂದ ತೊಂದರೆಯ ಮೂಲ ಗಂಟಲಿನಲ್ಲಿದೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು, ನಾಲಿಗೆಯ ಬುಡ ಹಿಂದಕ್ಕೆ ಸರಿದು ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಎದೆ, ಹೊಟ್ಟೆಗಳು ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗುವುದಿಲ್ಲ. ಗೊರಕೆ ಒಮ್ಮೆಲೇ ನಿಂತು, ಸ್ವಲ್ಪ ಹೊತ್ತಿನ ನಂತರ ಏದುಸಿರಿನೊಂದಿಗೆ ಮರಳುವುದು ಇದರಿಂದಲೇ.

‘ಅಪ್ನಿಯಾ’ ಗ್ರೀಕ್ ಮೂಲದ ಪದ. ‘ಪ್ನೆಯೊ’ ಎಂದರೆ ಉಸಿರಾಡು. ಮುಂದಿನ ‘ಅ’, ನಮ್ಮ ‘ಅಶಕ್ತ’ದಲ್ಲಿರುವಂತೆಯೇ, ನಿಷೇಧಾರ್ಥಕ. ವಯಸ್ಕರಲ್ಲಿ ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದನ್ನು ಒಂದು ಅಪ್ನಿಯಾ ಎಂದು ಎಣಿಸುತ್ತಾರೆ. ಉಸಿರು ಪೂರ್ತಿ ನಿಲ್ಲದೆ ಕುಗ್ಗಿದರೆ ಅದು ಹೈಪೊಪ್ನಿಯಾ. ಇವೆರಡೂ ಸೇರಿ ಗಂಟೆಗೆ ಸರಾಸರಿ ಎಷ್ಟು ಬಾರಿ ಆದವೆಂಬುದೇ ಎಎಚ್‌ಐ. 5ರಿಂದ 15ರ ಒಳಗಿದ್ದರೆ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ತೀವ್ರ. ನಿಮ್ಮ ತಂದೆಯವರದು ಮಧ್ಯಮ.

ಮೊದಲು ವರದಿಯಲ್ಲಿ ಆಮ್ಲಜನಕದ ಕನಿಷ್ಠ ಮಟ್ಟ ಎಷ್ಟೆಂದು ನೋಡಿ. ಅದು ತಿಳಿಯದೆ ಅಪಾಯ ಎಷ್ಟೆಂದು ನಾನು ಹೇಳಲಾರೆ. ಬಳಿಕ ಪೂರ್ತಿ ವರದಿಯೊಂದಿಗೆ ಶ್ವಾಸಕೋಶ ತಜ್ಞರನ್ನೋ ಕಿವಿ-ಮೂಗು-ಗಂಟಲು ತಜ್ಞರನ್ನೋ ಕಂಡು, ಸಿಪ್ಯಾಪ್ ಯಂತ್ರ (ಮುಖವಾಡದ ಮೂಲಕ ಗಾಳಿಯನ್ನು ಒತ್ತಡದಲ್ಲಿ ಹಾಯಿಸಿ ಗಂಟಲಿನ ದಾರಿಯನ್ನು ತೆರೆದಿಡುವ ಯಂತ್ರ) ಬೇಕೇ ಎಂದು ಕೇಳಿ. ರಕ್ತದೊತ್ತಡವನ್ನೂ ಅಂದೇ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಅವರು ಮಗ್ಗುಲಾಗಿ ಮಲಗಲಿ, ಮದ್ಯವನ್ನು ಬಿಡಲಿ, ವೈದ್ಯರನ್ನು ಕೇಳದೆ ನಿದ್ರೆ ಮಾತ್ರೆ ತೆಗೆದುಕೊಳ್ಳದಿರಲಿ. ಹಗಲಿನಲ್ಲಿ ತೂಕಡಿಕೆ ಇದ್ದರೆ ದಯವಿಟ್ಟು ಅವರಿಗೆ ವಾಹನ ಓಡಿಸಲು ಬಿಡಬೇಡಿ.