ಓದುಗರ ಪ್ರಶ್ನೆ: ಮುಂಬೈ ಕಾವ್ಯ ಎಂಬುದೊಂದು ಇದೆಯೇ?

ಪ್ರಶ್ನೆ: ನಾನು ಮರಾಠಿಯನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲೆ. ‘ಮುಂಬೈ ಕಾವ್ಯ’ ಎಂಬ ಮಾತನ್ನು ವಿಮರ್ಶಕರು ಆಗಾಗ ಬಳಸುತ್ತಾರೆ. ಮರಾಠಿ, ಇಂಗ್ಲಿಷ್, ಉರ್ದು, ಗುಜರಾತಿ ಎಂದು ಬೇರೆ ಬೇರೆ ಭಾಷೆಗಳಲ್ಲಿ ಬರೆದವರನ್ನು ಊರು ಒಂದೇ ಎಂಬ ಕಾರಣಕ್ಕೆ ಒಟ್ಟಿಗೆ ಸೇರಿಸುವುದು ಸರಿಯೇ? ಓದನ್ನು ಎಲ್ಲಿಂದ ಆರಂಭಿಸಬೇಕು?
– ಓದುಗರೊಬ್ಬರು, ಬೆಳಗಾವಿ

ಉತ್ತರ: ಒಂದೇ ಪರಂಪರೆ ಎಂಬ ಅರ್ಥದಲ್ಲಾದರೆ ಸರಿಯಲ್ಲ. ಬೆನೆ ಇಸ್ರೇಲ್ ಯಹೂದಿ ಮನೆತನದಲ್ಲಿ 1924ರಲ್ಲಿ ಹುಟ್ಟಿ ಇಂಗ್ಲಿಷಿನಲ್ಲಿ ಬರೆದ ನಿಸ್ಸಿಮ್ ಎಜಕಿಯೆಲ್ ಅವರಿಗೂ, ಗಿರಣಿ ಕಾರ್ಮಿಕ ಗಂಗಾರಾಮ ಸುರ್ವೆಯವರು ಎತ್ತಿ ಸಾಕಿದ ಅನಾಥ ಶಿಶು ಮುಂದೆ ನಾರಾಯಣ ಸುರ್ವೆ ಎಂಬ ಮರಾಠಿ ಕವಿಯಾದುದಕ್ಕೂ ಸಾಹಿತ್ಯದ ನೇರ ನಂಟೇನೂ ಇಲ್ಲ. ಈ ಇಬ್ಬರ ಓದುಗರೂ ಬೇರೆ, ಅವರ ಪದ್ಯಗಳನ್ನು ಓದುತ್ತಿದ್ದ ಸಭೆಗಳೂ ಬೇರೆ. ಒಂದೇ ಲೋಕಲ್ ರೈಲಿನಲ್ಲಿ ಓಡಾಡುವವರು ಒಬ್ಬರನ್ನೊಬ್ಬರು ಓದಿಯೇ ಇರುತ್ತಾರೆಂದು ಭಾವಿಸುವುದು ಹೊರಗಿನವರ ಭ್ರಮೆ.

ಹಾಗಿದ್ದರೂ ಆ ಹೆಸರನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಈ ಎಲ್ಲ ಭಾಷೆಗಳ ಪದ್ಯಗಳಲ್ಲಿಯೂ ಮತ್ತೆ ಮತ್ತೆ ಎದುರಾಗುವ ಒಂದು ಜಾಗವಿದೆ. ಅದು ಸಮುದ್ರವೂ ಅಲ್ಲ, ಗೇಟ್‌ವೇಯೂ ಅಲ್ಲ, ಫುಟ್‌ಪಾತ್. ಸುರ್ವೆಯವರ 1966ರ ಸಂಕಲನ ‘ಮಾಝೆ ವಿದ್ಯಾಪೀಠ’ದ ಅದೇ ಹೆಸರಿನ ಕವಿತೆ, ತನಗೆ ಮನೆಯೂ ಇರಲಿಲ್ಲ, ಬಂಧುಬಳಗವೂ ಇರಲಿಲ್ಲ, ನಡೆದಷ್ಟೂ ಕಾಲ ಕೆಳಗಿನ ನೆಲ, ಅಂಗಡಿಗಳ ಮರೆ ಮತ್ತು ಬಿಟ್ಟಿಯಾಗಿ ಸಿಗುವ ನಗರಪಾಲಿಕೆಯ ಫುಟ್‌ಪಾತ್ ಮಾತ್ರ ಇದ್ದವು ಎಂದು ಆರಂಭವಾಗುತ್ತದೆ. ಅಳುವಿನ ದನಿ ಇಲ್ಲಿಲ್ಲ, ಆಸ್ತಿಯ ಪಟ್ಟಿ ಓದುವವನ ದನಿಯಿದೆ. ಆಜಮ್‌ಗಢದಿಂದ ಬಂದು ಮುಂಬೈಯಲ್ಲಿ ನೆಲೆಸಿದ ಕೈಫಿ ಆಜ್ಮಿಯವರ ಉರ್ದು ಕವಿತೆ ‘ಮಕಾನ್’ನಲ್ಲಿ ಮಾತನಾಡುವವರು ಮಹಲುಗಳನ್ನು ಕಟ್ಟಿದ ಕೂಲಿಗಳು, ಕಟ್ಟಡ ಎದ್ದು ನಿಂತಮೇಲೆ ಬಿಸಿಗಾಳಿಯ ರಾತ್ರಿಯಲ್ಲಿ ಅವರಿಗೆ ಫುಟ್‌ಪಾತಿನ ಮೇಲೂ ನಿದ್ದೆ ಹತ್ತುವುದಿಲ್ಲ. ಸುರ್ವೆ ಮತ್ತು ಕೈಫಿ ಇಬ್ಬರೂ ಎಡಪಂಥೀಯರಾದ್ದರಿಂದ ಈ ಸಾಮ್ಯದಲ್ಲಿ ಆಶ್ಚರ್ಯವಿಲ್ಲವೆಂದು ನೀವು ಹೇಳಬಹುದು. ಆದರೆ ಯಾವ ಪಕ್ಷದ ಬಾವುಟವನ್ನೂ ಹಿಡಿಯದ ಅರುಣ ಕೊಲಟ್ಕರ್ ಕೂಡ ಬಂದು ನಿಂತದ್ದು ಅಲ್ಲಿಗೇ.

ಕೊಲ್ಹಾಪುರದವರಾದ ಕೊಲಟ್ಕರ್ ಜಾಹೀರಾತು ಸಂಸ್ಥೆಗಳಲ್ಲಿ ಕಲಾವಿದರಾಗಿದ್ದರು. ಮರಾಠಿ, ಇಂಗ್ಲಿಷ್ ಎರಡರಲ್ಲಿಯೂ ಸಮನಾದ ಬಲದಿಂದ ಬರೆದರು. ದಕ್ಷಿಣ ಮುಂಬೈಯ ಕಾಲಾ ಘೋಡಾ ಎಂಬಲ್ಲಿನ ವೇಸೈಡ್ ಇನ್ ಹೋಟೆಲಿನಲ್ಲಿ ಕುಳಿತು ಎದುರಿನ ತ್ರಿಕೋನಾಕಾರದ ಜಾಗವನ್ನು ವರ್ಷಗಟ್ಟಲೆ ನೋಡಿದುದರ ಫಲ 2004ರಲ್ಲಿ, ಅವರು ತೀರಿಕೊಂಡ ವರ್ಷವೇ, ‘ಕಾಲಾ ಘೋಡಾ ಪೊಯಮ್ಸ್’ ಎಂಬ ಇಂಗ್ಲಿಷ್ ಸಂಕಲನವಾಗಿ ಬಂದಿತು. ಅದರ ಮೊದಲ ಕವಿತೆಯಲ್ಲಿ ಮಾತನಾಡುವುದು ಒಂದು ಬೀದಿನಾಯಿ. ಮೈಮೇಲಿನ ಕಪ್ಪು ಮಚ್ಚೆಗಳಿಂದಾಗಿ ತಾನು ಹದಿನೇಳನೆಯ ಶತಮಾನದ ಮುಂಬೈಯ ನಕಾಶೆಯಂತೆ, ಏಳು ದ್ವೀಪಗಳು ಇನ್ನೂ ಒಂದಕ್ಕೊಂದು ಕೂಡಿಕೊಳ್ಳುವ ಮೊದಲಿನ ನಕಾಶೆಯಂತೆ ಕಾಣುತ್ತೇನೆಂದು ಅದು ಹೇಳಿಕೊಳ್ಳುತ್ತದೆ. ಅನಂತರ ತನ್ನ ವಂಶಾವಳಿಯನ್ನು ಬಿಚ್ಚುತ್ತದೆ: ಒಂದು ಕಡೆಯಿಂದ ಗವರ್ನರ್ ಬಾರ್ಟಲ್ ಫ್ರಿಯರ್ ಇಂಗ್ಲೆಂಡಿನಿಂದ ತರಿಸಿದ ಬೇಟೆನಾಯಿಗಳ ಸಂತಾನ, ಇನ್ನೊಂದು ಕಡೆಯಿಂದ ಧರ್ಮರಾಯನ ಹಿಂದೆ ಹೊರಟ ಮಹಾಭಾರತದ ನಾಯಿಯ ಸಂತಾನ. ಬಹುಸಂಸ್ಕೃತಿಯ ನಗರ ಎಂದು ಭಾಷಣಗಳಲ್ಲಿ ಹೇಳುವುದನ್ನೆಲ್ಲ ಕವಿ ಒಂದು ನಾಯಿಯ ಚರ್ಮದ ಮೇಲೆ ಮುಗಿಸಿಬಿಟ್ಟಿದ್ದಾರೆ, ಅದೂ ನಗುನಗುತ್ತ. ಅದೇ ಸಂಕಲನದಲ್ಲಿ ದೊಡ್ಡ ಅಲ್ಯೂಮಿನಿಯಂ ಡಬ್ಬಿಯ ತುಂಬ ಇಡ್ಲಿ ತರುವ ಹೆಂಗಸೊಬ್ಬಳಿದ್ದಾಳೆ. ಅವಳು ಬಂದು ಕುಳಿತೊಡನೆ ಬೀದಿಯ ಜನವೆಲ್ಲ ಸುತ್ತುಗಟ್ಟುತ್ತಾರೆ, ಡಬ್ಬಿ ಖಾಲಿಯಾದೊಡನೆ ಆ ಬೀದಿಬದಿಯ ಹೋಟೆಲು ಇದ್ದ ಗುರುತೂ ಉಳಿಯುವುದಿಲ್ಲ.

ಭಾಷೆಗಳ ನಡುವಿನ ಗೋಡೆಯನ್ನು ದಾಟಿದವರು ಕಡಿಮೆ, ಆದರೆ ಮುಖ್ಯರು. ಮರಾಠಿ, ಇಂಗ್ಲಿಷ್ ಎರಡರಲ್ಲೂ ಬರೆದ ಕವಿ ದಿಲೀಪ ಚಿತ್ರೆ ತುಕಾರಾಮನ ಅಭಂಗಗಳನ್ನು ಇಂಗ್ಲಿಷಿಗೆ ತಂದಂತೆಯೇ ಮರಾಠಿಯ ದಲಿತ ಕವಿ ನಾಮದೇವ ಢಸಾಳರನ್ನೂ ತಂದರು. ಟ್ಯಾಕ್ಸಿ ಓಡಿಸುತ್ತಿದ್ದ ಢಸಾಳರ ‘ಗೋಲಪಿಠಾ’ ಬಂದುದು 1972ರಲ್ಲಿ. ದಲಿತ ಯುವಕರ ಹೋರಾಟದ ಸಂಘಟನೆ ದಲಿತ ಪ್ಯಾಂಥರ್ಸ್ ಹುಟ್ಟಿದ್ದೂ ಆ ವರ್ಷವೇ. ಕಾಮಾಠಿಪುರದ ಸುತ್ತಲಿನ ಸೂಳೆಗೇರಿಯ ನುಡಿಯನ್ನು ಸೋಸದೆ ತಂದ ಆ ಪುಸ್ತಕಕ್ಕೆ ಮುನ್ನುಡಿ ಬರೆದವರು ನಾಟಕಕಾರ ವಿಜಯ ತೆಂಡೂಲ್ಕರ್. ಮೂರು ವರ್ಷಗಳ ಅನಂತರ ಕನ್ನಡದಲ್ಲಿ ಬಂದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಮೆರವಣಿಗೆಯ ಬಾಯಲ್ಲಿ ಕುಣಿಯಿತು. ಢಸಾಳರ ಉದ್ದುದ್ದ ಸಾಲುಗಳು ಹಾಡಲು ಒಗ್ಗುವುದಿಲ್ಲ, ಉಸಿರು ಕಟ್ಟಿಸುತ್ತವೆ. ಕೋಪ ಒಂದೇ ಆದರೂ ಕಾವ್ಯದ ದಾರಿ ಬೇರೆಯೆಂಬುದನ್ನು ಗಮನಿಸಬೇಕು.

ನಿಮ್ಮ ಊರಿನ ಹೆಸರೂ ಈ ಕಾವ್ಯದಲ್ಲಿದೆ. ಮರಾಠಿ ಮಾತನಾಡುವವರಿಗೆ ಒಂದೇ ರಾಜ್ಯ ಬೇಕೆಂಬ ಸಂಯುಕ್ತ ಮಹಾರಾಷ್ಟ್ರ ಚಳವಳಿಯ ಕಾಲದಲ್ಲಿ ಶಾಹಿರ, ಅಂದರೆ ಲಾವಣಿಕಾರ, ಅಣ್ಣಾಭಾವು ಸಾಠೆ ಕಟ್ಟಿದ ‘ಮಾಝಿ ಮೈನಾ’ ಎಂಬ ಹಾಡು, ಹೆಂಡತಿಯನ್ನು ಹಳ್ಳಿಯಲ್ಲಿ ಬಿಟ್ಟು ಮುಂಬೈಗೆ ದುಡಿಯಲು ಬಂದವನ ವಿರಹದಿಂದ ಮೊದಲಾಗಿ, ಬೆಳಗಾವಿ, ಕಾರವಾರಗಳಿಲ್ಲದ ಮಹಾರಾಷ್ಟ್ರದ ಗತಿಯೂ ಅದೇ ಎಂಬಲ್ಲಿಗೆ ಬಂದು ತಲುಪುತ್ತದೆ. ಆ ರಾಜಕೀಯ ನನಗೆ ಒಪ್ಪಿಗೆಯಿಲ್ಲ. ಆದರೆ ಆ ವಿರಹದ ಭಾಗ ಗಡಿಯ ಈಚೆಯವರಿಗೂ ತಟ್ಟುವಂಥದ್ದು. ಹೆಂಡಿರನ್ನು ಊರಲ್ಲಿ ಬಿಟ್ಟು ಮುಂಬೈ ಸೇರಿದವರು ನಮ್ಮ ಕಡೆಯಲ್ಲೂ ಬೇಕಾದಷ್ಟು ಜನ.

ಮರಾಠಿ ಬರುವ ನೀವು ಸುರ್ವೆಯವರಿಂದ ಆರಂಭಿಸಿ; ಅವರ ಮರಾಠಿ ಸರಳ. ಢಸಾಳರನ್ನು ಆಮೇಲೆ, ಚಿತ್ರೆಯವರ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಪ್ರಶ್ನೆ: ಮುಂಬೈಯಲ್ಲಿ ಇಷ್ಟೊಂದು ಕನ್ನಡಿಗರಿದ್ದೂ ಆ ನಗರದ ಕನ್ನಡ ಕಾವ್ಯ ಯಾಕೆ ಸುದ್ದಿಯಾಗಲಿಲ್ಲ?
– ಓದುಗರೊಬ್ಬರು, ಡೊಂಬಿವಿಲಿ

ಉತ್ತರ: ಬಿ.ಎ. ಸನದಿ, ಅರವಿಂದ ನಾಡಕರ್ಣಿ ಮೊದಲಾದವರು ಅಲ್ಲಿದ್ದು ಬರೆದಿದ್ದಾರೆ. ಗೋಕರ್ಣದ ಜಯಂತ ಕಾಯ್ಕಿಣಿಯವರು ಔಷಧ ಕಂಪೆನಿಯ ಕೆಲಸದಲ್ಲಿ ಅಲ್ಲಿ ಎರಡು ದಶಕಗಳಷ್ಟು ಕಾಲ ಕಳೆದರು. ಆದರೆ ಕನ್ನಡದ ಮುಂಬೈ ಹೆಚ್ಚಾಗಿ ಮೈದಾಳಿದ್ದು ಗದ್ಯದಲ್ಲಿ ಎಂಬುದು ನನ್ನ ಅಭಿಪ್ರಾಯ. ಯಶವಂತ ಚಿತ್ತಾಲರ ‘ಶಿಕಾರಿ’, ವ್ಯಾಸರಾಯ ಬಲ್ಲಾಳರ ‘ಬಂಡಾಯ’, ಕಾಯ್ಕಿಣಿಯವರದೇ ಕತೆಗಳು ಈ ಊರನ್ನು ಹಿಡಿದಷ್ಟು ಗಟ್ಟಿಯಾಗಿ ನಮ್ಮ ಪದ್ಯಗಳು ಹಿಡಿಯಲಿಲ್ಲ. ಪದ್ಯ ಬರೆಯಲು ಕುಳಿತಾಗ ಮುಂಬೈ ಕನ್ನಡಿಗನ ಮನಸ್ಸು ಬಹಳ ಸಲ ಕರಾವಳಿಗೋ ಉತ್ತರ ಕನ್ನಡಕ್ಕೋ ಮರಳುತ್ತಿತ್ತು. ಕಚೇರಿ, ಚಾಳು, ರೈಲುಗಳು ಕತೆ ಕಾದಂಬರಿಯ ಪಾಲಿಗೆ ಉಳಿದವು. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರ ಬದುಕು ಸುರ್ವೆಯವರ ‘ವಿದ್ಯಾಪೀಠ’ಕ್ಕೆ ಎಷ್ಟೊಂದು ಹತ್ತಿರ! ಆ ಹುಡುಗರ ಕಡೆಯಿಂದ ಅಂಥ ಒಂದು ದೀರ್ಘ ಕವಿತೆ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ನಿಮ್ಮಲ್ಲಿ ಯಾರ ಬಳಿಯಾದರೂ ಹಳೆಯ ಸಂಚಿಕೆಗಳಲ್ಲಿ ಅಚ್ಚಾದದ್ದು ಇದ್ದರೆ ಪ್ರತಿ ಮಾಡಿಸಿ ಕಳುಹಿಸಿ, ಈ ಅಂಕಣದಲ್ಲೇ ಅದರ ಬಗ್ಗೆ ಬರೆಯುತ್ತೇನೆ.