ಮೈಕ್ ತೆರೆದಾಗ ಹೊತ್ತುವ ಕೆಂಪು ದೀಪ

ಪ್ರಶ್ನೆ: ನಮ್ಮ ತೋಟದ ಮನೆಯ ಒಂದು ಕೋಣೆಯಲ್ಲಿ ದುಡಿ ಬಾರಿಸುತ್ತ ಹಾಡುವ ಹಿರಿಯರ ಹಾಡುಗಳನ್ನು ಧ್ವನಿಮುದ್ರಿಸುತ್ತಿದ್ದೇವೆ. ಮನೆಯವರು ತಿಳಿಯದೆ ಬಾಗಿಲು ತೆರೆಯುತ್ತಾರೆಂದು, ಶಬ್ದಕ್ಕೆ ಹೊತ್ತಿಕೊಳ್ಳುವ ಸಿದ್ಧ ಸರ್ಕ್ಯೂಟ್ ತಂದು ಹೊರಗೆ ಕೆಂಪು ದೀಪ ಹಾಕಿದೆವು. ಹಾಡುಗಾರರು ನಡುವೆ ನಿಲ್ಲಿಸಿದರೆ ದೀಪ ಆರುತ್ತದೆ. ಮೈಕ್ ಮುಚ್ಚಿದ್ದರೂ ಹೆಂಚಿನ ಮೇಲೆ ಮಳೆ ಸುರಿದರೆ ಹೊತ್ತುತ್ತದೆ. ಪರಿಹಾರವೇನು?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ನಿಮ್ಮ ಸರ್ಕ್ಯೂಟ್ ಕೆಟ್ಟಿಲ್ಲ, ಅದಕ್ಕೆ ಒಪ್ಪಿಸಿದ ಕೆಲಸವೇ ಬೇರೆ. ಹಾಡಿನ ನಡುವಿನ ನಿಶ್ಶಬ್ದದಲ್ಲೇ ಬಾಗಿಲಿನ ಸದ್ದು ಹೆಚ್ಚು ಕೆಡುಕು ಮಾಡುತ್ತದೆ. ಆದ್ದರಿಂದ ದೀಪವು ಶಬ್ದವನ್ನಲ್ಲ, ಮೈಕ್ ತೆರೆದಿದೆಯೇ ಎಂಬುದನ್ನು ಅನುಸರಿಸಬೇಕು. ಪ್ರಸಾರಕ್ಕೆಂದೇ ತಯಾರಾದ ಅನೇಕ ಮಿಕ್ಸರ್‌ಗಳಲ್ಲಿ (ಮೈಕ್‌ಗಳ ಧ್ವನಿಯನ್ನು ಹೊಂದಿಸಿ ಬೆರೆಸುವ ಸಾಧನ) ಮೈಕ್‌ನ ಫೇಡರ್ (ಧ್ವನಿಯ ಮಟ್ಟ ಏರಿಳಿಸುವ ಜಾರುಗುಂಡಿ) ಏರಿಸಿದೊಡನೆ ಒಳಗಿನ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಸಂಪರ್ಕವೊಂದು ಕೂಡಿಕೊಂಡು ಬಾಗಿಲ ದೀಪವನ್ನು ಹೊತ್ತಿಸುತ್ತದೆ, ಕೋಣೆಯ ಸ್ಪೀಕರನ್ನೂ ಮೌನಗೊಳಿಸುತ್ತದೆ. ಮನೆಬಳಕೆಯ ಸಣ್ಣ ಮಿಕ್ಸರ್‌ಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯವಿರುವುದಿಲ್ಲ.

ಅದಿಲ್ಲದವರಿಗೆ ನಾನು ಸೂಚಿಸುವುದು, ಲೋಹದ ಪೆಟ್ಟಿಗೆಯಲ್ಲಿ ಕೂರಿಸಿದ, ಎರಡು ಪ್ರತ್ಯೇಕ ಸಂಪರ್ಕಗಳಿರುವ ಒಂದು ಟಾಗಲ್ ಸ್ವಿಚ್. ಮೈಕ್ ಕೇಬಲ್ ಈ ಪೆಟ್ಟಿಗೆಯ ಮೂಲಕ ಹಾದುಹೋಗಲಿ. ಸ್ವಿಚ್ ‘ಮುಚ್ಚು’ ಸ್ಥಾನದಲ್ಲಿದ್ದಾಗ ಮೊದಲ ಸಂಪರ್ಕವು ಮೈಕ್ ಕೇಬಲ್ ತುದಿಯ ಮೂರು ಪಿನ್‌ಗಳ ಎಕ್ಸ್‌ಎಲ್‌ಆರ್ ಕನೆಕ್ಟರಿನ 2 ಮತ್ತು 3ನೇ ಪಿನ್‌ಗಳನ್ನು ಪರಸ್ಪರ ಜೋಡಿಸಬೇಕು, ಆಗ ಮೈಕ್‌ನ ಧ್ವನಿ ಅಡಗುತ್ತದೆ. ‘ತೆರೆ’ ಸ್ಥಾನಕ್ಕೆ ಬಂದಾಗ ಆ ಜೋಡಣೆ ಬಿಟ್ಟು, ಎರಡನೆಯ ಸಂಪರ್ಕವು 12 ವೋಲ್ಟ್‌ನ ಎಲ್‌ಇಡಿ ದೀಪಕ್ಕೆ ವಿದ್ಯುತ್ ಹಾಯಿಸಬೇಕು. ಮೈಕ್ ತಂತಿಯನ್ನೇ ಕಡಿದರೆ ಸಾಲದೇ ಎಂದು ನೀವು ಕೇಳಬಹುದು. ಕಂಡೆನ್ಸರ್ ಮೈಕ್‌ಗೆ (ವಿದ್ಯುತ್ ಬೇಕಾಗುವ ಬಗೆಯ ಮೈಕ್) ಮಿಕ್ಸರಿನಿಂದ ಅದೇ ಕೇಬಲ್ ಮೂಲಕ 48 ವೋಲ್ಟ್‌ನ ಫ್ಯಾಂಟಮ್ ವಿದ್ಯುತ್ ಹರಿಯುತ್ತಿರುವಾಗ ತಂತಿ ಕಡಿದರೆ ಸ್ಪೀಕರಿನಲ್ಲಿ ಧಡ್ ಎಂದು ಹೊಡೆದಂತಾಗುತ್ತದೆ. ಈ ಎರಡು ಪಿನ್‌ಗಳಲ್ಲಿರುವುದು ಬಹುಪಾಲು ಒಂದೇ ವೋಲ್ಟೇಜ್ ಆದ್ದರಿಂದ ಅವನ್ನು ಕೂಡಿಸಿದಾಗ ಅಂಥ ಹೊಡೆತ ಬರುವುದಿಲ್ಲ.

ದೀಪಕ್ಕೂ ಆ ಫ್ಯಾಂಟಮ್ ವಿದ್ಯುತ್ತನ್ನೇ ಬಳಸುವ ಯೋಚನೆ ಮಾತ್ರ ಬೇಡ. ಅದು ಕೊಡುವುದು ಕೆಲವೇ ಮಿಲಿಆಂಪಿಯರ್. 12 ವೋಲ್ಟ್‌ನ ಒಂದು ಸಣ್ಣ ರಿಲೇಗೇ ಸುಮಾರು 30 ಮಿಲಿಆಂಪಿಯರ್ ಬೇಕಾಗುತ್ತದೆ. ದೀಪಕ್ಕೆ ಬೇರೆಯೇ ಅಡಾಪ್ಟರ್ ಇರಲಿ, ಅದರ ಋಣ ತಂತಿಯನ್ನು ಮೈಕ್‌ನ 1ನೇ ಪಿನ್‌ಗಾಗಲಿ ಪೆಟ್ಟಿಗೆಯ ಲೋಹಕ್ಕಾಗಲಿ ಜೋಡಿಸಬೇಡಿ, ಜೋಡಿಸಿದರೆ ಗುಂಯ್‌ಗುಡುವ ಸದ್ದು ಸೇರಿಕೊಳ್ಳಬಹುದು. 230 ವೋಲ್ಟ್‌ನ ತಂತಿಯನ್ನಂತೂ ಈ ಪೆಟ್ಟಿಗೆಯೊಳಗೆ ತರಲೇಬಾರದು.

ಕೊಡಗಿನ ಮಳೆಗಾಲಕ್ಕೆ ಸಂಬಂಧಿಸಿದ ಎರಡು ಮಾತುಗಳನ್ನು ಒತ್ತಿ ಹೇಳಬೇಕಾಗಿದೆ. ಕರೆಂಟ್ ಹೋದಾಗ ನಿಮ್ಮ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ಮುದ್ರಣ ಮುಂದುವರಿಸುತ್ತಿರುತ್ತದೆ, ಅಡಾಪ್ಟರಿನ ದೀಪ ಮಾತ್ರ ಆರಿರುತ್ತದೆ. ಆದಕಾರಣ ದೀಪವನ್ನೂ ಮುದ್ರಣದ ಸಲಕರಣೆಗಳನ್ನೂ ಒಂದೇ ಇನ್ವರ್ಟರ್‌ಗೆ ಸೇರಿಸಿ. ಎರಡನೆಯದು ಇನ್ನೂ ಗಂಭೀರವಾದದ್ದು. ತೇವಾಂಶದಿಂದ ಸ್ವಿಚ್ಚಿನ ಸಂಪರ್ಕಗಳು ಕಿಲುಬು ಹಿಡಿದರೆ 2 ಮತ್ತು 3ನೇ ಪಿನ್‌ಗಳು ಸರಿಯಾಗಿ ಕೂಡುವುದಿಲ್ಲ. ಆಗ ದೀಪ ಆರಿದ್ದರೂ ಮೈಕ್ ತೆರೆದೇ ಇರುತ್ತದೆ, ಮುಚ್ಚಿದೆಯೆಂಬ ನಂಬಿಕೆಯಿಂದ ಆಡಿದ ಮನೆಯ ಮಾತು ಮುದ್ರಣವಾಗಿಬಿಡುತ್ತದೆ. ತೇವ ಒಳಹೋಗದಂತೆ ಮುಚ್ಚಿದ ಮಾದರಿಯ ಸ್ವಿಚ್ ಕೊಳ್ಳಿ, ಜೊತೆಗೆ ಪ್ರತಿ ಬಾರಿ ಮುದ್ರಣಕ್ಕೆ ಮುನ್ನ ಸ್ವಿಚ್ಚನ್ನು ‘ಮುಚ್ಚು’ ಸ್ಥಾನಕ್ಕೆ ತಂದು, ಮೈಕ್‌ನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು, ಮಿಕ್ಸರಿನ ಮೀಟರ್ ಅಲುಗುತ್ತದೆಯೇ ನೋಡಿ; ಅಲುಗಿದರೆ ಮೈಕ್ ಮುಚ್ಚಿಲ್ಲವೆಂದೇ ಅರ್ಥ.

ಪ್ರಶ್ನೆ: ನಮ್ಮಲ್ಲಿ ಎರಡು ಮೈಕ್‌ಗಳಿವೆ, ಬಾಗಿಲು ಒಂದೇ. ಎರಡು ದೀಪ ಬೇಕೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬೇಡ. ಮೇಲೆ ಹೇಳಿದ ರೀತಿಯಲ್ಲಿ ಪ್ರತಿ ಮೈಕ್‌ಗೂ ಒಂದು ಪೆಟ್ಟಿಗೆ ಮಾಡಿಕೊಂಡು, ದೀಪದ ಕಡೆಯ ಸಂಪರ್ಕಗಳೆರಡನ್ನೂ ಸಮಾಂತರವಾಗಿ ಜೋಡಿಸಿ. ಆಗ ಯಾವುದೇ ಒಂದು ಮೈಕ್ ತೆರೆದರೂ ದೀಪ ಹೊತ್ತುತ್ತದೆ, ಎರಡೂ ಮುಚ್ಚಿದ ಮೇಲಷ್ಟೇ ಆರುತ್ತದೆ. ಮೈಕ್ ಕೇಬಲ್‌ಗಳನ್ನು ಮಾತ್ರ ಎಲ್ಲಿಯೂ ಪರಸ್ಪರ ಕೂಡಿಸಬೇಡಿ.